ಒಂದೇ ಉಪ್ಪಿನ ಗಂಟು, ಮೂರು ತಲೆಮಾರಿನ ಚರ್ಮ: ದಾವಣಗೆರೆಯ ಒಂದು ಪ್ರಕರಣ ಅಧ್ಯಯನ

ಡಿಸೆಂಬರ್‌ನ ಒಂದು ರಾತ್ರಿ, ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆಯ ಮನೆಯೊಂದರಲ್ಲಿ 72 ವರ್ಷದ ಅತ್ತೆಗೆ ಮೀನಖಂಡದಲ್ಲಿ ಸೆಳೆತ ಹಿಡಿಯಿತು. 41 ವರ್ಷದ ಸೊಸೆ ಹಂಚಿನ ಮೇಲೆ ಕಲ್ಲುಪ್ಪು ಹುರಿದು, ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿದರು. ಅಂಗೈಯಲ್ಲಿ ಒತ್ತಿ ನೋಡಿದರು. ತಮಗೂ ಮಂಡಿನೋವು ಇದ್ದುದರಿಂದ ಮೊದಲು ಹತ್ತು ನಿಮಿಷ, ಇಟ್ಟು ಎತ್ತಿ ಇಟ್ಟು ಎತ್ತಿ, ತಮ್ಮ ಮಂಡಿಗೇ ಶಾಖ ಕೊಟ್ಟುಕೊಂಡರು. ಬಿಸಿ ಹದಕ್ಕೆ ಬಂತು ಅನ್ನಿಸಿದ ಮೇಲೆ ಅತ್ತೆಯ ಕಾಲಿಗೆ ಗಂಟು ಇಟ್ಟು, ಜಾರದ ಹಾಗೆ ಪಟ್ಟಿ ಸುತ್ತಿ, ಮೇಲೆ ಚಳ್ಳಕೆರೆ ಕಂಬಳಿ ಹೊದಿಸಿದರು. ಅತ್ತೆಗೆ ಹಿತವಾಯಿತು, ನಿದ್ದೆ ಹತ್ತಿತು. ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಕಣಕಾಲಿನ ಮುಂಭಾಗದಲ್ಲಿ, ಎಲುಬಿನ ಮೇಲೆಯೇ, ಎರಡು ದೊಡ್ಡ ಗುಳ್ಳೆಗಳು ಎದ್ದಿದ್ದವು.

ಸೊಸೆಯ ಮಂಡಿಯ ಮೇಲೆ ಒಂದು ಕೆಂಪು ಗುರುತೂ ಇರಲಿಲ್ಲ.

ಸುದ್ದಿ ತಿಳಿದು ಹರಿಹರದಿಂದ ಬಂದ ನಾದಿನಿ ಹೊಸಿಲಲ್ಲೇ ನಿಂತು ಕೇಳಿದರಂತೆ: "ಕೆಂಡದಂಥಾದ್ದನ್ನ ಕಟ್ಟಿ ಮಲಗ್ಸಿದೀಯಲ್ಲ, ನಿನ್ನ ಕೈಯಾಗೆ ಜೀವ ಇಲ್ಲೇನು?" ಆ ಮಾತಿಗೆ ಸೊಸೆಯ ಬಳಿ ಉತ್ತರ ಇರಲಿಲ್ಲ. ಎರಡು ವಾರ ಆ ಮನೆಯಲ್ಲಿ ಯಾರೂ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ನನಗೆ ಇದೆಲ್ಲ ಗೊತ್ತಾದದ್ದು ಮೊಮ್ಮಗಳಿಂದ. 19 ವರ್ಷದ ಅವಳು ನಾನು ಶರೀರಕ್ರಿಯಾಶಾಸ್ತ್ರ ಪಾಠ ಮಾಡುವ ತರಗತಿಯಲ್ಲಿ ಓದುತ್ತಾಳೆ. ಚರ್ಮದ ರಕ್ತಸಂಚಾರದ ಪಾಠ ಮುಗಿದ ದಿನ ಹಿಂದೆಯೇ ಬಂದು, "ಮೇಡಂ, ಅಮ್ಮ ಸುಳ್ಳು ಹೇಳೋರಲ್ಲ. ಅದೇ ಗಂಟು ಅಮ್ಮನ್ನ ಯಾಕೆ ಸುಡಲಿಲ್ಲ?" ಅಂದಳು.

ಇದು ಅಡುಗೆಮನೆಯ ಜಗಳವೂ ಹೌದು, ಅಳೆದು ನೋಡಬಹುದಾದ ಪ್ರಶ್ನೆಯೂ ಹೌದು. ಮೂವರೂ ಒಪ್ಪಿದರು, ಹೆಸರಿಲ್ಲದೆ ಬರೆಯಲು ಅನುಮತಿ ಕೊಟ್ಟರು. ಗಾಯದ ಚಿಕಿತ್ಸೆ ಅಷ್ಟರಲ್ಲಿ ಬೇರೆ ವೈದ್ಯರ ಕೈಯಲ್ಲಿ ನಡೆದಿತ್ತು. ನಾನು ಅದರಲ್ಲಿ ಕೈಹಾಕಲಿಲ್ಲ. ಗಾಯ ಮಾಗಲು ಐದು ವಾರ ಹಿಡಿಯಿತು ಎಂಬುದನ್ನಷ್ಟೇ ಇಲ್ಲಿ ಬರೆದುಕೊಳ್ಳುತ್ತೇನೆ.

ಮೊದಲು ಬೇರೆ ಕಾರಣಗಳು

ವಯಸ್ಸಾದವರ ಕಾಲು ಸುಟ್ಟಿತು ಅಂದ ಕೂಡಲೇ ನಮ್ಮ ಕಡೆ ಯಾರೇ ಆದರೂ ಕೇಳುವುದು ಸಕ್ಕರೆ ಕಾಯಿಲೆ ಇದೆಯಾ ಎಂದು. ಅದು ಸರಿಯಾದ ಪ್ರಶ್ನೆ. ಸಕ್ಕರೆ ಕಾಯಿಲೆ ಪಾದದ ನರಗಳನ್ನು ಮಂದ ಮಾಡುತ್ತದೆ, ಬಿಸಿ ಗೊತ್ತಾಗುವುದಿಲ್ಲ. ಅತ್ತೆಗೆ ಸಕ್ಕರೆ ಇರಲಿಲ್ಲ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಪಾದದ ಬೇರೆ ಬೇರೆ ಕಡೆ ಮುಟ್ಟಿದಾಗ, ಕಣ್ಣು ಮುಚ್ಚಿಕೊಂಡೇ ಪ್ರತಿ ಸಲ "ಹೂಂ" ಅಂದರು. 128 ಹರ್ಟ್ಸ್‌ನ ಶ್ರುತಿಕವೆಯ ಕಂಪನ ಮಾತ್ರ ಹೆಬ್ಬೆರಳಲ್ಲಿ ಸ್ವಲ್ಪ ಮಂದವಾಗಿತ್ತು. ಆ ವಯಸ್ಸಿಗೆ ಅದು ಹೊಸತಲ್ಲ.

ಮುಂದಿನ ಅನುಮಾನ ಕಾಲಿನ ದೊಡ್ಡ ರಕ್ತನಾಳದ ಮೇಲೆ. ಕಣಕಾಲ ಗಂಟಿನ ಬಳಿಯ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದರೆ 0.9ಕ್ಕಿಂತ ಕಡಿಮೆ ಬರಬಾರದು, ಬಂದರೆ ಧಮನಿ ಕಿರಿದಾಗಿದೆ ಎಂದರ್ಥ. ಇವರದು 152ಕ್ಕೆ 148, ಅಂದರೆ 1.03. ಕಾಲಿಗೆ ರಕ್ತ ತರುವ ಹೆದ್ದಾರಿ ತೆರೆದೇ ಇತ್ತು. ಉಳಿದದ್ದು ಓಣಿ, ಸಂದಿಗಳು. ಅಂದರೆ ಚರ್ಮದೊಳಗಿನ ಕೂದಲಿಗಿಂತ ಸಣ್ಣ ನಾಳಗಳು.

ಅವುಗಳ ಬಗ್ಗೆ ಯಂತ್ರವೇ ಇಲ್ಲದೆ ಒಂದು ಮಾತು ತಿಳಿಯಬಹುದು. ಬೆರಳ ತುದಿ ಒತ್ತಿ ಬಿಟ್ಟರೆ ಬಿಳಚಿದ ಜಾಗ ಮತ್ತೆ ಕೆಂಪೇರಲು ಎಷ್ಟು ಹೊತ್ತು ಬೇಕು ಎಂದು ಎಣಿಸುವುದು. ಎಲ್ಲರಿಗೂ ಎರಡು ಸೆಕೆಂಡು ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. 1988ರಲ್ಲಿ ಶ್ರೈಗರ್ ಮತ್ತು ಬ್ಯಾರಾಫ್ ಆರೋಗ್ಯವಂತರಲ್ಲೇ ಇದನ್ನು ಅಳೆದು, ವೃದ್ಧರಲ್ಲಿ ಸಹಜದ ಮಿತಿ 4.5 ಸೆಕೆಂಡಿನವರೆಗೂ ಹೋಗುತ್ತದೆ ಎಂದು ತೋರಿಸಿದರು. ಈ ಅತ್ತೆಗೆ 3 ಸೆಕೆಂಡು ಹಿಡಿಯಿತು. ಎರಡರ ಲೆಕ್ಕದಲ್ಲಿ ಅದು ರೋಗ, ಅವರ ವಯಸ್ಸಿನ ಲೆಕ್ಕದಲ್ಲಿ ಸಹಜ. ವಯಸ್ಸನ್ನು ಅಳೆಯುವಾಗ ಯಾವ ಗೆರೆಯನ್ನು ಸಹಜ ಅನ್ನುತ್ತೇವೆ ಎಂಬುದೇ ಅರ್ಧ ಕೆಲಸ ಎಂದು ನನಗೆ ಅವತ್ತೇ ಅನ್ನಿಸಿತ್ತು.

ಇನ್ನೊಂದು ಸಂಗತಿ ಕಣ್ಣಿಗೇ ಬಿತ್ತು. ಅವರ ಎರಡೂ ಕಣಕಾಲುಗಳ ಮೇಲೆ ಬಲೆ ಹಾಸಿದಂಥ ಕಂದು ಗೆರೆಗಳಿದ್ದವು. ಕೇಳಿದರೆ, ಮದುವೆಯಾಗಿ ಬಂದಾಗಿನಿಂದ ಮೂವತ್ತು ವರ್ಷ ಭಟ್ಟಿಯ ಮುಂದೆ ಕೂತಿದ್ದಾರೆ. ಕಾದ ಮರಳಿನಲ್ಲಿ ಅಕ್ಕಿ ಅರಳುವ ಆ ಬಾಣಲೆಯ ಕೆಳಗಿನ ಬೆಂಕಿ ನೇರ ಕಾಲಿಗೆ ಬಡಿಯುತ್ತದೆ. ಸುಡುವಷ್ಟಿಲ್ಲದ ಬಿಸಿ ವರ್ಷಗಟ್ಟಲೆ ತಾಗಿದರೆ ಚರ್ಮದ ಮೇಲೆ ಇಂಥ ಬಲೆ ಮೂಡುತ್ತದೆ. ಚಳಿ ದೇಶಗಳಲ್ಲಿ ಅಗ್ಗಿಷ್ಟಿಕೆಯ ಮುಂದೆ ಕೂರುವವರಲ್ಲೂ ಇದನ್ನು ಕಾಣುತ್ತಾರೆ. ದಾವಣಗೆರೆಯ ಮಂಡಕ್ಕಿ ತಿನ್ನುವ ನಮ್ಮಲ್ಲಿ ಎಷ್ಟು ಜನ ಆ ಕಾಲುಗಳನ್ನು ನೋಡಿದ್ದೇವೆ? ಅಳತೆಯ ಮಟ್ಟಿಗೆ ಹೇಳುವುದಾದರೆ, ಆ ಜಾಗದಲ್ಲಿ ವಯಸ್ಸಿನ ಕೆಲಸ ಯಾವುದು, ಭಟ್ಟಿಯ ಕೆಲಸ ಯಾವುದು ಎಂದು ಬೇರೆ ಮಾಡಲಾಗದು. ಕಪ್ಪು ಗೆರೆ ಬೆಳಕನ್ನೂ ಹೀರುತ್ತದೆ. ಹಾಗಾಗಿ ಕಾಲನ್ನು ಬಿಟ್ಟು ಮುಂಗೈಯ ಒಳಭಾಗವನ್ನು ಆರಿಸಿಕೊಂಡೆ. ಬಿಸಿಲು, ಬೆಂಕಿ ಎರಡೂ ಕಡಿಮೆ ಕಂಡ ಚರ್ಮ ಅದು. ಕಾಲಿನ ಕಥೆಯನ್ನು ಕೈಯಲ್ಲಿ ಓದುವ ಈ ಕೊರತೆ ಕೊನೆಯವರೆಗೂ ಇರುತ್ತದೆ.

ಯಂತ್ರ ಏನನ್ನು ನೋಡುತ್ತದೆ

ಬಳಸಿದ್ದು ಲೇಸರ್ ಡಾಪ್ಲರ್. ಕೂದಲೆಳೆಯಂಥ ಒಂದು ಗಾಜಿನ ತಂತುವಿನಿಂದ ಕೆಂಪಿನಾಚೆಯ ಬೆಳಕು ಚರ್ಮದೊಳಗೆ ಹೋಗುತ್ತದೆ, ಪಕ್ಕದ ತಂತು ಹಿಂದಿರುಗಿದ ಬೆಳಕನ್ನು ಹಿಡಿಯುತ್ತದೆ. ನಿಂತ ಕೋಶಗಳಿಗೆ ಬಡಿದು ಬಂದ ಬೆಳಕಿನ ಆವರ್ತನ ಬದಲಾಗುವುದಿಲ್ಲ, ಓಡುವ ಕೆಂಪು ರಕ್ತಕಣಗಳಿಗೆ ಬಡಿದದ್ದು ತುಸು ಬದಲಾಗುತ್ತದೆ. ಎಷ್ಟು ಕಣ, ಎಷ್ಟು ವೇಗ, ಇವೆರಡರ ಗುಣಲಬ್ಧ ಪರದೆಯ ಮೇಲೆ ಗೆರೆಯಾಗಿ ಓಡುತ್ತದೆ. ಈ ದಾರಿಯನ್ನು 1975ರಲ್ಲಿ ಮೈಕೆಲ್ ಸ್ಟರ್ನ್ ತೋರಿಸಿಕೊಟ್ಟರು.

ಆದರೆ ಬರುವ ಅಂಕಿ ಮಿಲಿಲೀಟರ್ ಅಲ್ಲ. ಪರ್ಫ್ಯೂಷನ್ ಯೂನಿಟ್ ಎಂಬ ಒಪ್ಪಂದದ ಮಾನ. ಅದು ನೋಡುವುದು ಒಂದು ಸಾಸಿವೆ ಕಾಳಿನಷ್ಟು ಚರ್ಮವನ್ನು, ಆಳದಲ್ಲಿ ಸುಮಾರು ಒಂದು ಮಿಲಿಮೀಟರ್‌ವರೆಗೆ. ಮೇಲೇರಿ ಬರುವ ಸಣ್ಣ ಧಮನಿಯ ನೆತ್ತಿಯ ಮೇಲೆ ಪ್ರೋಬ್, ಅಂದರೆ ಆ ತಂತುಗಳ ತುದಿ, ಕೂತರೆ ಅಂಕಿ ಹೆಚ್ಚು, ಒಂದೆರಡು ಮಿಲಿಮೀಟರ್ ಸರಿದರೆ ಕಡಿಮೆ. ತೋಳಿಗೆ ಪಟ್ಟಿ ಕಟ್ಟಿ ರಕ್ತವನ್ನು ಪೂರ್ತಿ ನಿಲ್ಲಿಸಿದರೂ ಸೊನ್ನೆ ತೋರಿಸುವುದಿಲ್ಲ, ಅಲ್ಲೇ ತಡಕಾಡುವ ಕಣಗಳ ಚಲನೆ ಉಳಿದಿರುತ್ತದೆ. ಆದ್ದರಿಂದ ಒಬ್ಬರ ಒಂದು ಅಂಕಿಯನ್ನು ಇನ್ನೊಬ್ಬರ ಒಂದು ಅಂಕಿಗೆ ಹಿಡಿದು ನೋಡುವುದು ವ್ಯರ್ಥ. ಮಾಡಬೇಕಾದದ್ದು ಚರ್ಮಕ್ಕೆ ಒಂದು ಕೆಲಸ ಕೊಡುವುದು, ಅದು ಆ ಕೆಲಸವನ್ನು ಹೇಗೆ ನಿಭಾಯಿಸುತ್ತದೆ ಎಂದು ನೋಡುವುದು. ನಮ್ಮ ಪ್ರಕರಣ ಬಿಸಿಯದೇ ಆದ್ದರಿಂದ ಕೆಲಸವೂ ಬಿಸಿಯದೇ. ಪ್ರೋಬ್‌ನ ಸುತ್ತಲಿನ ಪುಟ್ಟ ಬಿಲ್ಲೆಯನ್ನು 42 ಡಿಗ್ರಿಗೆ ಕಾಯಿಸಿ ಅರ್ಧ ಗಂಟೆ ಹಿಡಿಯುವುದು, ಆಮೇಲೆ 44ಕ್ಕೆ ಏರಿಸಿ ನಾಳಗಳು ಎಷ್ಟರ ಮಟ್ಟಿಗೆ ತೆರೆದುಕೊಳ್ಳಬಲ್ಲವೋ ಅಷ್ಟನ್ನು ನೋಡುವುದು.

ಮೊದಲ ದಿನದ ಅಳತೆಯನ್ನು ನಾನೇ ಹಾಳುಮಾಡಿದೆ. ಅತ್ತೆ, ಅಂದರೆ ಮೊಮ್ಮಗಳ ಅಜ್ಜಿ, ಬಿಸಿಲಲ್ಲಿ ಆಟೊದಲ್ಲಿ ಬಂದಿದ್ದರು, ಬರುವ ಮುಂಚೆ ಕಾಫಿ ಕುಡಿದಿದ್ದರು, ಬಾಯಲ್ಲಿ ಎಲೆಯಡಿಕೆಯ ಜೊತೆ ತಂಬಾಕು ಇತ್ತು. ಇದ್ಯಾವುದನ್ನೂ ಕೇಳದೆ ಐದೇ ನಿಮಿಷ ಕೂರಿಸಿ ಶುರುಮಾಡಿದೆ. ಶಾಖ ಕೊಡುವ ಮುಂಚೆಯೇ ಗೆರೆ ಮೇಲೆ ಕುಣಿಯುತ್ತಿತ್ತು, ಕೊಟ್ಟ ಮೇಲೆ ಏರಲು ಜಾಗವೇ ಉಳಿದಿರಲಿಲ್ಲ. ಆ ಹಾಳೆಯನ್ನು ಹಾಗೇ ಒಪ್ಪಿಕೊಂಡಿದ್ದರೆ "ಅಜ್ಜಿಯ ಚರ್ಮ ಬಿಸಿಗೆ ಮಿಸುಕುವುದೇ ಇಲ್ಲ" ಎಂದು ಬರೆದುಬಿಡುತ್ತಿದ್ದೆ. 72ರ ಜೀವವನ್ನು ಒಂದೂವರೆ ಗಂಟೆ ಅಲುಗಾಡದೆ ಕೂರಿಸಿ ಏನೂ ಸಿಗದ್ದು ನನಗೆ ಇವತ್ತಿಗೂ ನೋವಿನ ಸಂಗತಿ. ಎರಡನೆಯ ಸಲ ಬೆಳಿಗ್ಗೆ ಕರೆಸಿದೆ. ಕಾಫಿ, ತಂಬಾಕು ಹಿಂದಿನ ರಾತ್ರಿಯಿಂದ ಬಿಟ್ಟಿದ್ದರು. ಕೋಣೆ 24 ಡಿಗ್ರಿ, ಅರ್ಧ ಗಂಟೆ ಸುಮ್ಮನೆ ಒರಗಿ ವಿಶ್ರಾಂತಿ. ಬಿ.ಪಿ. ಮಾತ್ರೆಯನ್ನು ಬಿಡಿಸಲಿಲ್ಲ. ಅದು ನಾಳವನ್ನು ಸಡಿಲಿಸುವ ಮಾತ್ರೆ, ಅಳತೆಯನ್ನು ಎತ್ತಿದರೆ ಎತ್ತೀತೇ ಹೊರತು ತಗ್ಗಿಸದು.

ಮೂರು ಗೆರೆಗಳು

ಅಜ್ಜಿಯ ರಕ್ತದೊತ್ತಡ 148/80, ಸೊಸೆಯದು 118/76, ಮೊಮ್ಮಗಳದು 108/68. ಇದನ್ನು ಲೆಕ್ಕಕ್ಕೆ ತರಲೇಬೇಕು. ಒತ್ತಡ ಹೆಚ್ಚಿದ್ದರೆ ನಾಳ ತೆರೆಯದೆಯೂ ರಕ್ತ ಹೆಚ್ಚು ನುಗ್ಗುತ್ತದೆ. ಅದಕ್ಕಾಗಿ ಯಂತ್ರದ ಅಂಕಿಯನ್ನು ಸರಾಸರಿ ಒತ್ತಡದಿಂದ (ಕೆಳಗಿನ ಅಂಕಿಗೆ ಎರಡರ ಅಂತರದ ಮೂರನೆಯ ಒಂದು ಪಾಲು ಕೂಡಿಸಿದ್ದು: 103, 90, 81) ಭಾಗಿಸಿ, ನಾಳ ಎಷ್ಟು ತೆರೆದಿದೆ ಎಂಬ ಮಾನವನ್ನು ತೆಗೆಯುತ್ತಾರೆ.

ಸುಮ್ಮನಿರುವಾಗ ಮೂವರದೂ ಒಂದೇ: ಅಜ್ಜಿ 0.12, ಸೊಸೆ 0.12, ಮೊಮ್ಮಗಳು 0.12. ಮೊಮ್ಮಗಳ ಮುಖ ಸಪ್ಪಗಾಯಿತು. "ಅಷ್ಟೇನಾ ಮೇಡಂ?" ಅಂದಳು. ಇನ್ನೂ ಕೆಲಸ ಕೊಟ್ಟಿಲ್ಲವಲ್ಲ ಅಂದೆ.

42 ಡಿಗ್ರಿಯ ಶಾಖ ತಾಗಿದಾಗ ಎಳೆಯ ಚರ್ಮ ಎರಡು ಹೆಜ್ಜೆಯಲ್ಲಿ ತೆರೆಯುತ್ತದೆ. ಮೊದಲ ಕೆಲವು ನಿಮಿಷಗಳಲ್ಲೇ ಒಂದು ಚುರುಕು ಏರಿಕೆ. ಬಿಸಿಯನ್ನು ಗ್ರಹಿಸಿದ ನರತುದಿಗಳೇ, ಮೆದುಳನ್ನು ಕೇಳದೆ, ಅಲ್ಲಲ್ಲೇ ನಾಳ ಸಡಿಲಿಸುವ ರಾಸಾಯನಿಕ ಬಿಡುತ್ತವೆ. ಆಮೇಲೆ ಸ್ವಲ್ಪ ಇಳಿದು, ನಿಧಾನವಾಗಿ ಮತ್ತೆ ಏರಿ ಎತ್ತರದಲ್ಲಿ ನಿಲ್ಲುತ್ತದೆ. ಈ ಎರಡನೆಯ ಹೆಜ್ಜೆ ಬಹುಪಾಲು ನಾಳದ ಒಳಪದರ ತಯಾರಿಸುವ ನೈಟ್ರಿಕ್ ಆಕ್ಸೈಡ್‌ನಿಂದ. ಮೊಮ್ಮಗಳ ಮೊದಲ ಏರಿಕೆ 0.98 ಮುಟ್ಟಿತು, ಸೊಸೆಯದು 0.78, ಅಜ್ಜಿಯದು 0.41. ಮೊಮ್ಮಗಳಿಗೆ ಮೂರೂವರೆ ನಿಮಿಷದಲ್ಲಿ ಬಂದ ಶಿಖರ ಅಜ್ಜಿಗೆ ಆರು ನಿಮಿಷ ಕಳೆದ ಮೇಲೆ ಬಂತು. ಅರ್ಧ ಗಂಟೆಯ ಕೊನೆಗೆ ನಿಂತ ಎತ್ತರ ಮೊಮ್ಮಗಳಿಗೆ 1.51, ಸೊಸೆಗೆ 1.30, ಅಜ್ಜಿಗೆ 0.70.

44 ಡಿಗ್ರಿಯಲ್ಲಿ ಗರಿಷ್ಠ: ಮೊಮ್ಮಗಳು 1.60, ಸೊಸೆ 1.40, ಅಜ್ಜಿ 0.89.

ಈ ಕೊನೆಯ ಸಾಲಿನಲ್ಲಿ ಒಂದು ಬಲೆ ಇದೆ, ಅದನ್ನು ಬಿಡಿಸಿ ಹೇಳಲೇಬೇಕು. ಪ್ರೋಬ್ ಕೂತ ಜಾಗದ ಅದೃಷ್ಟವನ್ನು ಕಳೆಯಲು ಪ್ರತಿಯೊಬ್ಬರ ಅಂಕಿಯನ್ನೂ ಅವರವರ ಗರಿಷ್ಠದ ಶೇಕಡಾ ಲೆಕ್ಕದಲ್ಲಿ ಬರೆಯುವುದು ರೂಢಿ. ಹಾಗೆ ಬರೆದರೆ ಅಜ್ಜಿ ಶೇ. 79, ಸೊಸೆ ಶೇ. 93, ಮೊಮ್ಮಗಳು ಶೇ. 94. ಅಂತರ ಇದೆ, ಆದರೆ ಗಾಬರಿಯಾಗುವಷ್ಟಿಲ್ಲ. ಗರಿಷ್ಠವೇ ವಯಸ್ಸಿನೊಂದಿಗೆ ಕುಗ್ಗುತ್ತದೆ ಎಂಬುದನ್ನು ಶೇಕಡಾ ಮುಚ್ಚಿಬಿಡುತ್ತದೆ. 5ರಿಂದ 85 ವರ್ಷದವರೆಗಿನವರ ಚರ್ಮದ ಗರಿಷ್ಠ ತೆರವನ್ನು ಅಳೆದ 1995ರ ಕೆಲಸವೊಂದು ಈ ಇಳಿಕೆಯನ್ನು ತೋರಿಸಿದೆ. ಎತ್ತಿನಗಾಡಿಯೂ ಲಾರಿಯೂ ತಂತಮ್ಮ ಅಳತೆಗೆ ತುಂಬಿವೆ ಅಂದ ಮಾತ್ರಕ್ಕೆ ಎರಡೂ ಸಮ ಹೊತ್ತವು ಎಂದಾಗದು. ಸುಟ್ಟ ಗಾಯದ ಪ್ರಶ್ನೆಯಲ್ಲಿ ನಮಗೆ ಬೇಕಾದದ್ದು ಹೊತ್ತ ಭಾರ. ನಿಮಿಷಕ್ಕೆ ಎಷ್ಟು ರಕ್ತ ಅಲ್ಲಿಗೆ ಬಂದು ಎಷ್ಟು ಬಿಸಿಯನ್ನು ಹೊತ್ತೊಯ್ಯಿತು ಎಂಬುದು. ಅರ್ಧ ಗಂಟೆಯ ಕೊನೆಗೆ ಅಜ್ಜಿಯ ನಾಳಗಳು ತೆರೆದದ್ದು ಮೊಮ್ಮಗಳದರ ಅರ್ಧವೂ ಇಲ್ಲ, ಅವರ ಹೆಚ್ಚಿನ ಒತ್ತಡವನ್ನು ಮತ್ತೆ ಗುಣಿಸಿ ನೋಡಿದರೂ ಹರಿದ ರಕ್ತ ಸುಮಾರು ಐದರಲ್ಲಿ ಮೂರು ಪಾಲು ಮಾತ್ರ. ಹಾಗಾಗಿ ಎರಡೂ ಲೆಕ್ಕವನ್ನು ಪಕ್ಕಪಕ್ಕದಲ್ಲಿ ಬರೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮೂವರ ಅಂಕಿ ಮೂವರದೇ. ಇದರಿಂದ ಊರಿನ ಎಲ್ಲ ಅಜ್ಜಿಯರ ಬಗ್ಗೆ ಹೇಳಲಾಗದು, ಅದೇ ಅಜ್ಜಿಯನ್ನು ಮರುದಿನ ಅಳೆದರೂ ಅಂಕಿ ಅಷ್ಟಿಷ್ಟು ಬದಲಾದೀತು. ಆದರೆ ಗೆರೆಯ ಆಕಾರ ಹೊಸದಲ್ಲ. 2002ರಲ್ಲಿ ಕ್ರಿಸ್ಟೋಫರ್ ಮಿನ್ಸನ್ ಮತ್ತು ಸಂಗಡಿಗರು ಎಳೆಯರನ್ನೂ ಹಿರಿಯರನ್ನೂ ಇದೇ ರೀತಿ 42 ಡಿಗ್ರಿಯಲ್ಲಿ ಪರೀಕ್ಷಿಸಿ, ನರದ ಹೆಜ್ಜೆ, ನೈಟ್ರಿಕ್ ಆಕ್ಸೈಡ್ ಹೆಜ್ಜೆ ಎರಡೂ ವಯಸ್ಸಿನೊಂದಿಗೆ ತಗ್ಗುವುದನ್ನು ಕಂಡಿದ್ದರು. ಕಾರಣಗಳೂ ಸಾಕಷ್ಟು ತಿಳಿದಿವೆ. ನೈಟ್ರಿಕ್ ಆಕ್ಸೈಡ್‌ಗೆ ಕಚ್ಚಾವಸ್ತು ಅರ್ಜಿನಿನ್ ಎಂಬ ಅಮೈನೋ ಆಮ್ಲ. ವಯಸ್ಸಾದ ಚರ್ಮದಲ್ಲಿ ಆರ್ಜಿನೇಸ್ ಎಂಬ ಕಿಣ್ವ ಹೆಚ್ಚಾಗಿ ಆ ಅರ್ಜಿನಿನ್ನನ್ನು ಬೇರೆ ದಾರಿಗೆ ಎಳೆದುಕೊಳ್ಳುತ್ತದೆ. ಮೇಲ್ಚರ್ಮ ಮತ್ತು ಒಳಚರ್ಮ ಒಂದಕ್ಕೊಂದು ಕಚ್ಚಿಕೊಂಡಿರುವ ಅಲೆಗಳು ಚಪ್ಪಟೆಯಾಗುತ್ತವೆ, ಆ ಅಲೆಗಳೊಳಗೆ ನುಗ್ಗಿ ಬರುತ್ತಿದ್ದ ಲೋಮನಾಳಗಳ ಕುಣಿಕೆಗಳು ವಿರಳವಾಗುತ್ತವೆ.

ಮತ್ತೆ ಆ ಗಂಟು

ಅಳತೆ ಇಷ್ಟಕ್ಕೆ ನಿಂತರೆ ನಾದಿನಿಯ ಮಾತಿಗೆ ಉತ್ತರವಾಗದು. ಗಂಟು ಕೆಂಡದಂತಿತ್ತೇ? ಸೊಸೆಗೆ ಅವತ್ತಿನ ಹಾಗೇ, ಅಷ್ಟೇ ಉಪ್ಪನ್ನು ಅದೇ ಹಂಚಿನಲ್ಲಿ ಹುರಿಯಲು ಹೇಳಿದೆವು. ತಮ್ಮ ಮಂಡಿಯ ಹತ್ತು ನಿಮಿಷ ಕಳೆದ ಮೇಲೆ ಗಂಟನ್ನು ಮೇಜಿನ ಮೇಲಿಟ್ಟು, ಬಟ್ಟೆಯ ಕೆಳಗೆ ಉಷ್ಣಮಾಪಕದ ತಂತಿ ಸಿಕ್ಕಿಸಿ, ಅದೇ ಕಂಬಳಿ ಹೊದಿಸಿದೆವು. ಶುರುವಿನಲ್ಲಿ 49 ಡಿಗ್ರಿ. ನಲವತ್ತು ನಿಮಿಷವಾದರೂ 45. ಕಂಬಳಿ ಬಿಸಿಯನ್ನು ಬಿಟ್ಟುಕೊಡಲೇ ಇಲ್ಲ.

ಚರ್ಮ ಸುಡಲು ಎಷ್ಟು ಬಿಸಿ, ಎಷ್ಟು ಹೊತ್ತು ಬೇಕು ಎಂದು ಮೊರಿಟ್ಜ್ ಮತ್ತು ಹೆನ್ರಿಕ್ಸ್ 1947ರಲ್ಲಿ ಪ್ರಕಟಿಸಿದ ಕೆಲಸ ಇಂದಿಗೂ ಆಧಾರ. ಚರ್ಮದ ಮೇಲ್ಮೈ 44 ಡಿಗ್ರಿಯಲ್ಲಿ ನಿಂತರೆ ಸುಮಾರು 6 ಗಂಟೆ ಬೇಕು, ಅಲ್ಲಿಂದ 51ರವರೆಗೆ ಪ್ರತಿ ಡಿಗ್ರಿಗೆ ಆ ಅವಧಿ ಸುಮಾರು ಅರ್ಧವಾಗುತ್ತ ಹೋಗುತ್ತದೆ. ಅಂದರೆ 47ರಲ್ಲಿ ಮುಕ್ಕಾಲು ಗಂಟೆ, 49ರಲ್ಲಿ ಹತ್ತು ಹನ್ನೊಂದು ನಿಮಿಷ. ಗಂಟಿನ ಇಳಿಯುವ ಬಿಸಿಯನ್ನು ಈ ಲೆಕ್ಕಕ್ಕೆ ಹಾಕಿದಾಗ ಅದು ಸುಡುವ ಗೆರೆಯ ಅಂಚಿನಲ್ಲೇ ಬಂದು ನಿಂತಿತು. ಕೆಂಡವಲ್ಲ, ಅಂಚು. ಅಂಚಿನಲ್ಲಿದ್ದಾಗ ಒಂದೆರಡು ಡಿಗ್ರಿಯೇ ಎಲ್ಲವನ್ನೂ ನಿರ್ಧರಿಸುತ್ತದೆ, ಆ ಒಂದೆರಡು ಡಿಗ್ರಿಯನ್ನು ಕಳೆಯುವುದು ರಕ್ತದ ಕೆಲಸ. ಗದ್ದೆಗೆ ಬಿಟ್ಟ ನೀರು ಹೊರಗಾಲುವೆಯಲ್ಲಿ ಹರಿದುಹೋಗುವ ಹಾಗೆ ಬಿಸಿ ಹರಿದುಹೋಗಬೇಕು. ಅಜ್ಜಿಯ ಕಾಲುವೆ ತಡವಾಗಿ ತೆರೆಯಿತು, ಅರ್ಧವೇ ತೆರೆಯಿತು. ಅದರ ಮೇಲೆ ಬಿಗಿದ ಪಟ್ಟಿ, ಕೆಳಗೆ ಮಾಂಸವಿಲ್ಲದ ಎಲುಬು. ಎರಡರ ನಡುವೆ ಸಿಕ್ಕ ಚರ್ಮದಲ್ಲಿ ಇದ್ದ ಹರಿವೂ ಹಿಸುಕಿಹೋಗಿರಬೇಕು. ಸೊಸೆ ಇಟ್ಟು ಎತ್ತಿ ಮಾಡಿದ್ದರಿಂದ ಅವರ ಚರ್ಮಕ್ಕೆ ನಡುನಡುವೆ ಉಸಿರಾಡಲು ಬಿಡುವು ಸಿಕ್ಕಿತ್ತು. ನಿದ್ದೆಯೂ ಸೇರಿತು. ಇದರಲ್ಲಿ ವಯಸ್ಸಿನ ಪಾಲು ಎಷ್ಟು, ಪಟ್ಟಿಯ ಪಾಲು ಎಷ್ಟು ಎಂದು ನನ್ನ ಮೂರು ಗೆರೆಗಳು ಹಂಚಿಕೊಡಲಾರವು.

ಗಾಯ ಮಾಗಿದ ಮೇಲೆ ಅಜ್ಜಿಗೆ ಶಾಖ ಬೇಡ ಅನ್ನಲು ನನಗೆ ಮನಸ್ಸಾಗಲಿಲ್ಲ, ಅವರಿಗೆ ಅದರಿಂದ ನಿಜಕ್ಕೂ ಆರಾಮ ಇದೆ. ಕಟ್ಟಬೇಡಿ, ಕೈಯಲ್ಲೇ ಹಿಡಿದು ಇಟ್ಟು ಎತ್ತಿ ಕೊಡಿ, ಎಲುಬಿನ ಮೇಲಲ್ಲ ಮೀನಖಂಡದ ಮೇಲೆ, ಎಚ್ಚರ ಇರುವಾಗ ಮಾತ್ರ, ಕಾಲು ಗಂಟೆ ಸಾಕು ಅಂದೆ.

ಅವತ್ತು ನಾದಿನಿಯೂ ಬಂದಿದ್ದರು. ಮೂರು ಗೆರೆಗಳನ್ನು ಒಂದೇ ಹಾಳೆಯಲ್ಲಿ ಮುದ್ರಿಸಿ ಕೊಟ್ಟೆ. ಅಜ್ಜಿ ಕೆಳಗಿನ ಗೆರೆಯ ಮೇಲೆ ಬೆರಳಾಡಿಸುತ್ತ, "ಇದು ನಂದಾ? ಪಾಪ, ಏರಾಕೆ ಎಷ್ಟು ಕಷ್ಟಪಟ್ಟೈತೆ ನೋಡು" ಅಂದರು. ನಾದಿನಿ ಹಾಳೆಯನ್ನು ಬಹಳ ಹೊತ್ತು ನೋಡಿದರು, ಏನೂ ಅನ್ನಲಿಲ್ಲ.

ಸೊಸೆ ಮಾತ್ರ ಎದ್ದು ಬಂದು ಬಲಗೈ ಚಾಚಿದರು. "ಮೇಡಂ, ಮುಟ್ಟಿ ನೋಡಿದ್ದು ಈ ಕೈಯಲ್ರೀ. ಇದನ್ನೂ ಒಂಚೂರು ನೋಡ್ರಿ."

ಇಪ್ಪತ್ತು ವರ್ಷ ದಿನಾ ಜೋಳದ ರೊಟ್ಟಿ ತಟ್ಟಿ, ಹಂಚಿನ ಮೇಲೆ ಬರಿಗೈಲಿ ತಿರುವಿ ಹಾಕಿದ ಅಂಗೈ. ಅಂಗೈಯಲ್ಲಿ ರಕ್ತ ಮನಸ್ಸಿನ ಜೊತೆ ಏರಿಳಿಯುತ್ತದೆ, ಒಂದು ದೀರ್ಘ ಉಸಿರಿಗೇ ಗೆರೆ ಕುಸಿಯುತ್ತದೆ, ಅಳತೆಗೆ ಅದು ಒಳ್ಳೆಯ ಜಾಗವಲ್ಲ. ಹಾಗಾಗಿ ಗೆರೆ ನೋಡುವ ಗೋಜಿಗೆ ಹೋಗದೆ ಬಿಲ್ಲೆಯನ್ನು 44ಕ್ಕೆ ಕಾಯಿಸಿ ಮೊದಲು ಮುಂಗೈಯ ಒಳಭಾಗಕ್ಕೆ ಇಟ್ಟೆ. "ಅಬ್ಬಾ, ಚುರ್ ಅಂತೈತೆ" ಎಂದು ಕೈ ಎಳೆದುಕೊಂಡರು. ಆಮೇಲೆ ಅಂಗೈಗೆ, ರೊಟ್ಟಿ ತಟ್ಟುವ ದಪ್ಪ ಚರ್ಮದ ಮೇಲೆ ಇಟ್ಟೆ. ಅವರು ಕಾದರು. ನಾವೂ ಕಾದೆವು.

"ಬೆಚ್ಚಗೈತೆ," ಅಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಅದೇ ಬಿಸಿನಾ ಇದು?"

ಅದೇ ಬಿಸಿ ಅಂದೆ.

ನಾದಿನಿ ಎದ್ದು ಬಂದರು. ಅತ್ತಿಗೆಯ ಕೈ ಪಕ್ಕದಲ್ಲಿ ತಮ್ಮ ಅಂಗೈಯನ್ನೂ ತೆರೆದು, "ನಂಗೂ ಒಂದ್ಸಲ ಇಡ್ರಿ" ಅಂದರು.